ಮಕ್ಕಳ ಪುಸ್ತಕದ ಕಮ್ಮಟ: ಹೂಂಗುಟ್ಟೋರು ಬೇಡವೇ?



ನಮ್ಮ ಡ್ರಾಯಿಂಗ್ ಮೇಷ್ಟ್ರು ಮಕ್ಕಳ ಪುಸ್ತಕ ಬರೆಯುವವರಿಗೂ ಚಿತ್ರ ಬಿಡಿಸುವವರಿಗೂ ನಡೆದ ಮೂರು ದಿನದ ಕಮ್ಮಟಕ್ಕೆ ಹೋಗಿ ಬಂದದ್ದು ನಿಮಗೆಲ್ಲಾ ಗೊತ್ತೇ ಇದೆ. ಅವರು ಬಂದ ಮೇಲೆ ನಮ್ಮ ಶಾಲೆಯಲ್ಲಿ ಎರಡು ಪಕ್ಷ ಆಗಿಬಿಟ್ಟಿವೆ. "ಕತೆ ಕಟ್ಟೋದು, ಚಿತ್ರ ಬಿಡಿಸೋದು ಸರಸ್ವತಿ ಕೊಡೋ ವರ. ಅದನ್ನ ಮೂರು ದಿನದಲ್ಲಿ ಕಲಿಸೋಕಾಗುತ್ತಾ?" ಅನ್ನೋದು ಒಂದು ಪಕ್ಷ. "ಕಲಿತರೆ ಯಾವುದೂ ಬಾರದೆ ಇರಲ್ಲ" ಅನ್ನೋದು ಇನ್ನೊಂದು. ನಾನು ಎರಡನೇ ಪಕ್ಷದವಳು. ಆದರೆ ನನ್ನದೊಂದು ತಕರಾರೂ ಇದೆ. ಹೆಸರು ಮಕ್ಕಳ ಪುಸ್ತಕದ ಕಮ್ಮಟ, ಅಲ್ಲಿ ಒಂದು ಮಗುವೂ ಇರಲಿಲ್ಲವಂತೆ! ಇದು ಸರಿಯೇ ಎಂಬುದನ್ನು ನಾವೆಲ್ಲಾ ಯೋಚನೆ ಮಾಡಬೇಕು ಅಂತ ಈ ಲೇಖನ.

ಮೊದಲು ವರದ ಮಾತು ನೋಡೋಣ. ಕಮ್ಮಟ ಅಂದರೆ ಹಳೆಗಾಲದಲ್ಲಿ ನಾಣ್ಯ ಅಚ್ಚು ಹಾಕುವ ಜಾಗ, ಟಂಕಸಾಲೆ. ಅಲ್ಲಿ ಬೆಂಕಿ ಇರುತ್ತೆ, ಅಚ್ಚು ಇರುತ್ತೆ, ಸುತ್ತಿಗೆ ಇರುತ್ತೆ. ಲೋಹ ತಾನಾಗೇ ನಾಣ್ಯ ಆಗಲ್ಲ. ನಮ್ಮಪ್ಪ ಮರಗೆಲಸದವರು. ಅವರಿಗೆ ಉಳಿ ಹಿಡಿಯೋದನ್ನ ತಾತ ಕಲಿಸಿದರು. ಬಾಗಿಲಿನ ಚೌಕಟ್ಟು ಸೊಟ್ಟ ಆದರೆ "ನನಗೆ ವರ ಇಲ್ಲ" ಅಂತ ಅಪ್ಪ ಹೇಳಲ್ಲ, ಬಿಚ್ಚಿ ಮತ್ತೆ ಮಾಡ್ತಾರೆ. ಕುಂಬಾರಿಕೆಗೂ, ನೇಯ್ಗೆಗೂ, ಅಡಿಗೆಗೂ ಗುರು ಬೇಕು, ಕತೆಗೆ ಮಾತ್ರ ಬೇಡವೇ? "ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ" ಅಂತ ಗಾದೆಯೇ ಇದೆ. ಕನ್ನಡದಲ್ಲಿ ಮಕ್ಕಳ ಸಾಹಿತ್ಯಕ್ಕೆ ದಾರಿ ಹಾಕಿದವರಲ್ಲಿ ಮೊದಲಿಗರಾದ ಪಂಜೆ ಮಂಗೇಶರಾಯರು (1874–1937) ತಮಗೆ ಇಟ್ಟುಕೊಂಡ ಕಾವ್ಯನಾಮ ಯಾವುದು ಗೊತ್ತೇ? "ಕವಿಶಿಷ್ಯ". ಅಷ್ಟು ದೊಡ್ಡವರೇ ತಮ್ಮನ್ನು ಶಿಷ್ಯ ಅಂತ ಕರೆದುಕೊಂಡಿರುವಾಗ ನಮ್ಮದೇನು?

ಹಾಗಾದರೆ ಇಂಥ ಕಮ್ಮಟದಲ್ಲಿ ಏನು ಕಲಿಸ್ತಾರೆ? ಮೇಷ್ಟ್ರು ನಮಗೆ ಹೇಳಿಕೊಟ್ಟಿದ್ದನ್ನೇ ಬರೀತೀನಿ, ಯಾಕಂದ್ರೆ ಬಹಳ ಜನ ಅಲ್ಲಿ ಬರೀ ಭಾಷಣ ಇರುತ್ತೆ ಅಂದುಕೊಂಡಿದ್ದಾರೆ.

ಮೊದಲನೇ ಪಾಠ ಕಾಗದ ಮಡಿಸೋದು. ಒಂದು ಡ್ರಾಯಿಂಗ್ ಶೀಟ್ ತಗೊಳ್ಳಿ. ಒಂದು ಸಲ ಮಡಿಸಿದರೆ 4 ಪುಟ. ಎರಡು ಸಲ ಮಡಿಸಿದರೆ 8. ಮೂರು ಸಲಕ್ಕೆ 16. ನಾಲ್ಕು ಸಲಕ್ಕೆ 32. ಅಚ್ಚಿನ ಮನೆಯಲ್ಲೂ ಹೀಗೇ ದೊಡ್ಡ ಹಾಳೆಯ ಎರಡು ಬದಿಗೂ ಅಚ್ಚು ಹಾಕಿ, ಮಡಿಸಿ, ಹೊಲಿದು, ಅಂಚು ಕತ್ತರಿಸ್ತಾರೆ. ಅದಕ್ಕೇ ಚಿತ್ರದ ಪುಸ್ತಕಗಳು ಸಾಮಾನ್ಯವಾಗಿ 16, 24 ಇಲ್ಲವೇ 32 ಪುಟ ಇರೋದು. ಕತೆ ಬರೆಯೋರು ಮೊದಲು ಹೀಗೆ ಮಡಿಸಿದ ಖಾಲಿ ಪುಸ್ತಕ ಮಾಡಿಕೊಂಡು, ಯಾವ ಪುಟಕ್ಕೆ ಯಾವ ಮಾತು, ಯಾವ ಚಿತ್ರ ಅಂತ ಪೆನ್ಸಿಲ್‌ನಲ್ಲಿ ಗೀಚಿ ನೋಡಬೇಕು. ಇದಕ್ಕೆ ಡಮ್ಮಿ ಅಂತಾರೆ. ಡಮ್ಮಿ ಮಾಡಿದಾಗಲೇ ಕತೆ ಎಲ್ಲಿ ಉದ್ದ ಆಗಿದೆ, ಎಲ್ಲಿ ಅವಸರ ಆಗಿದೆ ಅಂತ ಕಾಣೋದು.

ಎರಡನೇ ಪಾಠ ಹಾಳೆ ತಿರುಗಿಸೋದು. ಬಲಗಡೆ ಪುಟದ ಕೊನೆಯಲ್ಲಿ ಕುತೂಹಲ ಬಿಡಬೇಕು, ತಿರುಗಿಸಿದ ಮೇಲೆ ಉತ್ತರ ಸಿಗಬೇಕು. ಇದು ಪರದೇಶದ ವಿದ್ಯೆ ಅಂತ ತಿಳೀಬೇಡಿ. ನಮ್ಮ ಅಜ್ಜಿ "ಬಾಗಿಲು ತೆಗೆದು ನೋಡ್ತಾನೆ..." ಅಂತ ಹೇಳಿ ಅಲ್ಲಿಗೆ ನಿಲ್ಲಿಸಿ ಎಲೆಗೆ ಸುಣ್ಣ ಹಚ್ಚೋಳು. ನಾವು "ಆಮೇಲೆ? ಆಮೇಲೆ?" ಅಂತ ಪ್ರಾಣ ತಿಂದ ಮೇಲೆ ಮುಂದಕ್ಕೆ. ಅಜ್ಜಿಯ ಸುಣ್ಣದ ಡಬ್ಬಿ ಮಾಡ್ತಿದ್ದ ಕೆಲಸವನ್ನ ಪುಸ್ತಕದಲ್ಲಿ ಹಾಳೆ ಮಾಡಬೇಕು, ಅಷ್ಟೇ.

ಮೂರನೇ ಪಾಠ ಮಾತು ಕಡಿಮೆ ಮಾಡೋದು. ಮಕ್ಕಳ ಪುಸ್ತಕ ಸಣ್ಣದು, ಹಾಗಾಗಿ ಬರೆಯೋದು ಸುಲಭ ಅಂತ ನಾವು ತಿಳಿದಿರ್ತೀವಿ. ಅಮೆರಿಕಾದ ಡಾಕ್ಟರ್ ಸ್ಯೂಸ್ ಎಂಬ ಲೇಖಕರು 1960ರಲ್ಲಿ "ಗ್ರೀನ್ ಎಗ್ಸ್ ಅಂಡ್ ಹ್ಯಾಮ್" ಎಂಬ ಪುಸ್ತಕ ಮಾಡಿದರು. ಇಡೀ ಪುಸ್ತಕದಲ್ಲಿ ಇರೋದು 50 ಬೇರೆ ಬೇರೆ ಪದಗಳು ಮಾತ್ರ. ಅವನ್ನೇ ತಿರುಗಾ ಮುರುಗಾ ಮಾಡಿ ಪೂರ್ತಿ ಕತೆ! ನೀವು 50 ಪದ ಆರಿಸಿಕೊಂಡು ಒಂದು ಪುಟ ಬರೆದು ನೋಡಿ, ಬೆವರು ಬರುತ್ತೆ.

ನಾಲ್ಕನೇ ಪಾಠ ನನಗೆ ಬಹಳ ಹಿಡಿಸಿದ್ದು. ಮಾತು ಹೇಳಿದ್ದನ್ನೇ ಚಿತ್ರ ಮತ್ತೆ ಹೇಳಬಾರದು. ಮಾರಿಸ್ ಸೆಂಡಾಕ್ ಎಂಬುವರು 1963ರಲ್ಲಿ ಒಂದು ಪುಸ್ತಕ ಮಾಡಿದರು. ತುಂಟತನ ಮಾಡಿದ ಒಬ್ಬ ಹುಡುಗನನ್ನ ಅಮ್ಮ ಊಟ ಹಾಕದೆ ಕೋಣೆಗೆ ಕಳಿಸ್ತಾಳೆ. ಅವನ ಕೋಣೆ ಕಾಡಾಗಿಬಿಡುತ್ತೆ. ಮೊದಲ ಪುಟಗಳಲ್ಲಿ ಚಿತ್ರ ಚಿಕ್ಕದು, ಸುತ್ತಲೂ ಬಿಳಿ ಜಾಗ. ಹುಡುಗನ ಕಲ್ಪನೆ ಬೆಳೆದ ಹಾಗೆ ಚಿತ್ರವೂ ಬೆಳೀತಾ ಹೋಗಿ, ನಡುವೆ ಅವನು ಕಾಡುಪ್ರಾಣಿಗಳ ಜೊತೆ ಕುಣಿಯೋ ಕಡೆ ಎರಡೂ ಪುಟ ತುಂಬಿಕೊಳ್ಳುತ್ತೆ. ಅಲ್ಲಿ ಒಂದು ಅಕ್ಷರವೂ ಇಲ್ಲ. ಕೊನೆಯ ಪುಟದಲ್ಲಿ ಚಿತ್ರವೇ ಇಲ್ಲ, ಬರೀ ಮಾತು. ಮೇಷ್ಟ್ರು ಇದನ್ನ ತೋರಿಸಿದಾಗ ನಾವೆಲ್ಲಾ ಬಾಯಿ ಬಿಟ್ಟುಕೊಂಡು ನೋಡಿದೆವು. ಇಂಥದ್ದು ಆಗಬೇಕಾದರೆ ಬರೆಯೋರು, ಚಿತ್ರ ಬಿಡಿಸೋರು ಒಬ್ಬರೇ ಆಗಿರಬೇಕು, ಇಲ್ಲಾ ಇಬ್ಬರೂ ಒಂದೇ ಜಮಖಾನದ ಮೇಲೆ ಕೂರಬೇಕು. ಕಮ್ಮಟದ ದೊಡ್ಡ ಲಾಭ ಇದೇ ಅಂತ ನನ್ನ ಅಭಿಪ್ರಾಯ. 1971ರಲ್ಲಿ ಅಮೆರಿಕಾದ ಲಾಸ್ ಏಂಜಲೀಸ್‌ನಲ್ಲಿ ಮಕ್ಕಳ ಪುಸ್ತಕದವರ ಒಂದು ಸಂಘ ಶುರುವಾದಾಗ ಅದರ ಹೆಸರಿನಲ್ಲಿ ಬರಹಗಾರರು ಮಾತ್ರ ಇದ್ದರು. ಚಿತ್ರಕಾರರ ಹೆಸರು ಸೇರಿದ್ದು ಆಮೇಲೆ. ನಮ್ಮ ಲೈಬ್ರರಿಯ ಪುಸ್ತಕಗಳನ್ನೂ ತೆಗೆದು ನೋಡಿ, ಬರೆದವರ ಹೆಸರು ಹೊರಗೆ ದಪ್ಪಕ್ಷರದಲ್ಲಿ, ಚಿತ್ರ ಬಿಡಿಸಿದವರ ಹೆಸರು ಒಳಗೆ ಇರುವೆ ಸಾಲಿನಷ್ಟು ಸಣ್ಣಗೆ. ಓದು ಬಾರದ ಒಂದನೇ ಕ್ಲಾಸಿನ ಮಗು ಓದೋದು ಚಿತ್ರವನ್ನೇ ಅಲ್ಲವೇ?

ನಮ್ಮ ದೇಶದಲ್ಲೂ ಈ ಕೆಲಸ ನಡೆದಿದೆ. ದೆಹಲಿಯ ನ್ಯಾಷನಲ್ ಬುಕ್ ಟ್ರಸ್ಟ್ ಮತ್ತು ವ್ಯಂಗ್ಯಚಿತ್ರಕಾರ ಶಂಕರ್ ಅವರು ಕಟ್ಟಿದ ಚಿಲ್ಡ್ರನ್ಸ್ ಬುಕ್ ಟ್ರಸ್ಟ್ ಎರಡೂ 1957ರಲ್ಲೇ ಹುಟ್ಟಿದವು. ನ್ಯಾಷನಲ್ ಬುಕ್ ಟ್ರಸ್ಟ್‌ನಲ್ಲಿ 1993ರಲ್ಲಿ ಮಕ್ಕಳ ಸಾಹಿತ್ಯಕ್ಕೇ ಬೇರೆ ಒಂದು ರಾಷ್ಟ್ರೀಯ ಕೇಂದ್ರ ಮಾಡಿದರು. ಲೇಖಕರಿಗೆ, ಚಿತ್ರಕಾರರಿಗೆ ಕಮ್ಮಟ ನಡೆಸೋದೂ ಅದರ ಕೆಲಸಗಳಲ್ಲಿ ಒಂದು. ಇದೆಲ್ಲಾ ಸಂತೋಷದ ವಿಷಯ.

ಇನ್ನು ನನ್ನ ತಕರಾರಿಗೆ ಬರ್ತೀನಿ.

ನಮ್ಮ ಲೈಬ್ರರಿಯ ಬೀರುವಿನಲ್ಲಿ ಒಂದು ಪುಸ್ತಕ ಇದೆ. ಹೆಸರು ಬರೆಯೋದು ಬೇಡ. ಅದರಲ್ಲಿ ರೈತ ರಾಗಿ ಕೊಯ್ಯುವ ಕತೆ. ಚಿತ್ರದಲ್ಲಿ ಇರೋದು ಭತ್ತದ ತೆನೆ! ರಾಗಿ ತೆನೆ ಮುಷ್ಟಿ ಹಿಡಿದ ಬೆರಳಿನ ಹಾಗೆ ಇರುತ್ತೆ, ಭತ್ತದ ತೆನೆ ತಲೆ ಬಗ್ಗಿಸಿ ಜೋಲುತ್ತೆ. ಇದು ನಮ್ಮೂರಿನ ಅಂಗನವಾಡಿ ಮಗುವಿಗೂ ಗೊತ್ತು. ಅದೇ ಪುಸ್ತಕದಲ್ಲಿ ಕುಂಟೆಯ ಚಿತ್ರ ಬಿಡಿಸಿ ಕೆಳಗೆ ನೇಗಿಲು ಅಂತ ಬರೆದಿದ್ದಾರೆ. ಎರಡನೇ ಕ್ಲಾಸಿನ ಮಕ್ಕಳು ಅದನ್ನ ನೋಡಿ ಬಿದ್ದು ಬಿದ್ದು ನಕ್ಕರು. ನಕ್ಕಿದ್ದು ಸರಿ, ಆದರೆ ಆಮೇಲೆ ಆ ಪುಸ್ತಕ ಯಾರೂ ಮುಟ್ಟಲಿಲ್ಲ. "ಇವರಿಗೆ ನಮ್ಮ ವಿಷಯ ಗೊತ್ತಿಲ್ಲ" ಅಂತ ಮಕ್ಕಳಿಗೆ ಒಮ್ಮೆ ಅನಿಸಿದರೆ ಮುಗೀತು, ಪುಸ್ತಕ ಬೀರುವಿನಲ್ಲಿ ಹೊಸದಾಗೇ ಉಳಿಯುತ್ತೆ. ಆ ಚಿತ್ರಕಾರರು ದಡ್ಡರಲ್ಲ. ಗೆರೆ ಬಹಳ ಚೆಂದ ಇದೆ. ಅವರ ಪಕ್ಕದಲ್ಲಿ "ಸಾರ್, ಇದು ರಾಗಿ ಅಲ್ಲ" ಅಂತ ಹೇಳೋಕೆ ಒಂದು ಮಗು ಇರಲಿಲ್ಲ, ಅಷ್ಟೇ ಕೊರತೆ.

ಇನ್ನೊಂದು ಉದಾಹರಣೆ ನಮ್ಮ ಮೇಷ್ಟ್ರದ್ದೇ. ಅವರ ಅಪ್ಪಣೆ ಪಡೆದೇ ಬರೀತಾ ಇದ್ದೀನಿ. ಕಮ್ಮಟದಲ್ಲಿ ಅವರು 16 ಪುಟದ ಒಂದು ಡಮ್ಮಿ ಮಾಡಿದ್ದರು. ಗೂಟಕ್ಕೆ ಕಟ್ಟಿದ್ದ ಮೇಕೆ ಮರಿ ಶಾಲೆಗೆ ನುಗ್ಗಿ ಹಾಜರಿ ಪುಸ್ತಕ ತಿಂದುಹಾಕೋ ಕತೆ. ಅಲ್ಲಿ ಮೂರು ದಿನ ದೊಡ್ಡ ದೊಡ್ಡವರೆಲ್ಲಾ ನೋಡಿ ಮೆಚ್ಚಿದರಂತೆ. ಊರಿಗೆ ಬಂದು ಎರಡನೇ ಕ್ಲಾಸಿಗೆ ಓದಿ ಹೇಳಿದಾಗ, ಮೇಕೆ ಮೇಯಿಸೋ ಮನೆಯ ಒಬ್ಬ ಹುಡುಗ ಎದ್ದು ನಿಂತು, "ಸಾ, ಹಗ್ಗ ಎಲ್ಲೋಯ್ತು?" ಅಂದ. ನೋಡಿದರೆ ಎರಡನೇ ಪುಟದಲ್ಲಿ ಮರಿಗೆ ಹಗ್ಗ ಇದೆ, ನಾಲ್ಕನೇ ಪುಟದಲ್ಲಿ ಇಲ್ಲ. ಮೇಷ್ಟ್ರು ನಕ್ಕು ಪೆನ್ಸಿಲ್ ತೆಗೆದರು. ಈಗ ಆ ಮರಿ ಮೊದಲು ಹಗ್ಗವನ್ನೇ ತಿನ್ನುತ್ತೆ. ಹಗ್ಗ ತಿಂದ ಮರಿ ಹಾಜರಿ ಪುಸ್ತಕ ಬಿಡುತ್ತಾ? ಕತೆ ಮೊದಲಿಗಿಂತ ಚೆನ್ನಾಗಿ ಆಯಿತು. ಮೂರು ದಿನದ ಕಮ್ಮಟದಲ್ಲಿ ಯಾರೂ ಕೇಳದ ಪ್ರಶ್ನೆಯನ್ನ ಎರಡನೇ ಕ್ಲಾಸು ಒಂದು ಪೀರಿಯಡ್ಡಿನಲ್ಲಿ ಕೇಳಿತು.

ಒಂದು ಒಳ್ಳೇ ಪ್ರಶ್ನೆಯಿಂದ ಪುಸ್ತಕ ಎಷ್ಟು ಬದಲಾಗುತ್ತೆ ಅನ್ನೋದಕ್ಕೆ ಎರಿಕ್ ಕಾರ್ಲ್ ಅವರ ವಿಷಯ ಹೇಳಬೇಕು. ಅವರು ಒಂದು ದಿನ ಪಂಚಿಂಗ್ ಮಷಿನ್‌ನಲ್ಲಿ ಕಾಗದಕ್ಕೆ ತೂತು ಹಾಕ್ತಾ, ಪುಸ್ತಕ ತಿನ್ನೋ ಹುಳದ ಕತೆ ಯೋಚಿಸಿದರು. ಅವರ ಸಂಪಾದಕಿಗೆ ಆ ಹುಳ ಅಷ್ಟು ಹಿಡಿಸಲಿಲ್ಲ. ಕಂಬಳಿಹುಳ ಆದರೆ ಹೇಗೆ ಅಂತ ಕೇಳಿದರು. ಕಂಬಳಿಹುಳ ಅಂದ ತಕ್ಷಣ ಚಿಟ್ಟೆ ಹೊಳೆಯಿತು, ಕತೆಗೆ ಕೊನೆ ಸಿಕ್ಕಿತು. 1969ರಲ್ಲಿ ಬಂದ ಆ ತೂತಿನ ಪುಸ್ತಕ ಇವತ್ತು ಪ್ರಪಂಚದ ಎಷ್ಟೋ ಭಾಷೆಗಳಲ್ಲಿದೆ. ನಮ್ಮ ಆಫೀಸಿನಲ್ಲೂ ಪಂಚಿಂಗ್ ಮಷಿನ್ ಇದೆ. ಕೇಳೋರು ಬೇಕು.

ಕನ್ನಡದಲ್ಲಿ ಮಕ್ಕಳಿಗಾಗಿ ಬರೆದ ದೊಡ್ಡವರು ಯಾರೂ ಮಕ್ಕಳಿಲ್ಲದ ಕೋಣೆಯಲ್ಲಿ ಕೂತು ಬರೆದವರಲ್ಲ. ಪಂಜೆಯವರು ಶಾಲೆಯ ಉಪಾಧ್ಯಾಯರಾಗಿದ್ದವರು, ಆಮೇಲೆ ಇನ್ಸ್‌ಪೆಕ್ಟರ್ ಆಗಿ ಊರೂರು ಶಾಲೆ ತಿರುಗಿದವರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು. ಜಿ.ಪಿ. ರಾಜರತ್ನಂ ಅವರು ಎಂ.ಎ. ಮುಗಿಸಿಯೂ ಕೆಲಕಾಲ ಚಿಕ್ಕ ಮಕ್ಕಳಿಗೆ ಪಾಠ ಹೇಳಿದರು, "ತುತ್ತೂರಿ" ಹುಟ್ಟಿದ್ದು ಆ ಕಾಲದಲ್ಲಿ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಬಾಲವನ ಮಾಡಿ ಮಕ್ಕಳ ನಡುವೆಯೇ ಪ್ರಯೋಗ ನಡೆಸಿದರು. ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ ಎಂಬಾಕೆಯ ಮೊಲದ ಕತೆ ಶುರುವಾಗಿದ್ದು ಪುಸ್ತಕವಾಗಿ ಅಲ್ಲ. 1893ರಲ್ಲಿ ಕಾಯಿಲೆ ಬಿದ್ದಿದ್ದ ಒಬ್ಬ ಪುಟ್ಟ ಹುಡುಗನಿಗೆ ಬರೆದ ಚಿತ್ರದ ಕಾಗದವಾಗಿ. ಪ್ರಕಾಶಕರು ಬೇಡ ಅಂದಾಗ ಆಕೆ 1901ರಲ್ಲಿ ಸ್ವಂತ ಖರ್ಚಿನಲ್ಲಿ 250 ಪ್ರತಿ ಅಚ್ಚು ಹಾಕಿಸಿದರು. ಮುಂದಿನ ವರ್ಷ ಪ್ರಕಾಶಕರೇ ಒಪ್ಪಿ ಪುಸ್ತಕ ತಂದರು. ಇವರೆಲ್ಲರ ಎದುರಿಗೂ ಹೆಸರು ಹಿಡಿದು ಕರೆಯಬಹುದಾದ ಮಗು ಇತ್ತು.

ನಮ್ಮ ಹಳ್ಳಿಗಳಲ್ಲಿ ಕತೆ ಹೇಳುವಾಗ ಕೇಳೋರು "ಹೂಂ" ಅನ್ನಲೇಬೇಕು. ಹೂಂಗುಟ್ಟದಿದ್ದರೆ ಅಜ್ಜಿ ಕತೆ ನಿಲ್ಲಿಸಿಬಿಡ್ತಾಳೆ. ಹೂಂ ಸಣ್ಣಗಾದರೆ ಮಗುವಿಗೆ ನಿದ್ದೆ ಬಂತು ಅಂತಲೋ, ಕತೆ ಸಪ್ಪೆ ಆಯಿತು ಅಂತಲೋ ಅವಳಿಗೆ ತಿಳಿಯುತ್ತೆ. ಮಕ್ಕಳಿಲ್ಲದ ಕಮ್ಮಟ ಅಂದರೆ ಹೂಂಗುಟ್ಟೋರಿಲ್ಲದ ಕತೆ.

ಇದಕ್ಕೆ ಕೆಲವರು ಆಕ್ಷೇಪಣೆ ಹೇಳ್ತಾರೆ. ನಮ್ಮ ಗುರುಗಳಲ್ಲೇ ಒಬ್ಬರು, "ಹೊರಗಿನಿಂದ ಬಂದವರು ಕೇಳಿದರೆ ನಮ್ಮ ಮಕ್ಕಳು ಎಲ್ಲಕ್ಕೂ ಚೆನ್ನಾಗಿದೆ ಸಾರ್ ಅಂತಾರೆ, ಅದರಿಂದ ಏನು ಪ್ರಯೋಜನ?" ಅಂದರು. ಈ ಮಾತು ನೂರಕ್ಕೆ ನೂರು ನಿಜ. ಅದಕ್ಕೇ ಚೆನ್ನಾಗಿದೆಯಾ ಅಂತ ಕೇಳಲೇಬಾರದು. ಒಬ್ಬರು ಓದಬೇಕು, ಇನ್ನೊಬ್ಬರು ಮೂಲೆಯಲ್ಲಿ ಕೂತು ಮಕ್ಕಳನ್ನ ನೋಡಬೇಕು. ಯಾವ ಪುಟದಲ್ಲಿ ಕಿಟಕಿ ಕಡೆ ನೋಡಿದರು, ಯಾವ ಪುಟದಲ್ಲಿ ಕಾಲು ಅಲ್ಲಾಡಿಸಿದರು, ಎಲ್ಲಿ ಚಿತ್ರದ ಮೇಲೆ ಬೆರಳಿಟ್ಟರು, ಎಲ್ಲಿ ನಗಬಾರದ ಕಡೆ ನಕ್ಕರು, ಇದನ್ನೆಲ್ಲಾ ಪುಟದ ಅಂಕಿ ಸಮೇತ ಗುರುತು ಮಾಡಬೇಕು. ಬಾಯಿ ಸುಳ್ಳು ಹೇಳಿದರೂ ಕಾಲು ಹೇಳಲ್ಲ.

ಇನ್ನೊಂದು ಆಕ್ಷೇಪಣೆ, "ಮಕ್ಕಳಿಗೆ ಬೇಕಾದ್ದನ್ನೇ ಬರೆದರೆ ಬರೀ ಹಾಸ್ಯ, ದೆವ್ವ ಅಷ್ಟೇ ಉಳಿಯುತ್ತೆ" ಅಂತ. ಮಕ್ಕಳು ಹೇಳಿದ್ದನ್ನೆಲ್ಲಾ ಬರೀಬೇಕು ಅಂತ ನಾನು ಹೇಳ್ತಾ ಇಲ್ಲ. ಅಡಿಗೆ ಮಾಡೋರು ಅಮ್ಮನೇ. ಆದರೆ ಉಪ್ಪು ಸರಿ ಇದೆಯಾ ಅಂತ ಊಟ ಮಾಡೋರ ಮುಖ ನೋಡಲೇಬೇಕಲ್ಲ! ಇನ್ನು, ಹಳ್ಳಿಯ ಮಕ್ಕಳಿಗೆ ಹಳ್ಳಿಯ ಕತೆ ಮಾತ್ರ ಸಾಕು ಅಂತಲೂ ನನ್ನ ಮಾತಲ್ಲ. ನಮಗೆ ಹಿಮವೂ ಬೇಕು, ಹಡಗೂ ಬೇಕು. ರಾಗಿ ಬಿಡಿಸಿದರೆ ರಾಗಿಯಾಗಿರಲಿ, ಹಿಮ ಬಿಡಿಸಿದರೆ ಹಿಮವಾಗಿರಲಿ.

ಹಳ್ಳಿಯವರು ದೂರದ್ದನ್ನ ನೋಡಿದರೆ ಎಂಥ ಪುಸ್ತಕ ಆಗುತ್ತೆ ಅನ್ನೋದಕ್ಕೆ ಮಧ್ಯಪ್ರದೇಶದ ಭಜ್ಜು ಶ್ಯಾಮ್ ಅವರೇ ಸಾಕ್ಷಿ. ಅವರು ಪಾಟನ್‌ಗಢ ಎಂಬ ಹಳ್ಳಿಯ ಗೊಂಡ ಚಿತ್ರಕಾರರು. 2002ರಲ್ಲಿ ಲಂಡನ್ನಿನ ಒಂದು ಹೋಟೆಲಿನ ಗೋಡೆಗೆ ಚಿತ್ರ ಬಿಡಿಸೋಕೆ ಹೋದರು. ತಾವು ಕಂಡ ಲಂಡನ್ನನ್ನ ಆಮೇಲೆ ಚಿತ್ರವಾಗಿ ಬಿಡಿಸಿದರು. ಅವರು ಬಾಯಲ್ಲಿ ಹೇಳಿದ್ದನ್ನ ಚೆನ್ನೈನ ತಾರಾ ಬುಕ್ಸ್‌ನವರು ಪಕ್ಕದಲ್ಲಿ ಕೂತು ಮಾತಾಗಿ ಬರೆದುಕೊಂಡು 2004ರಲ್ಲಿ ಪುಸ್ತಕ ಮಾಡಿದರು. ಅದರಲ್ಲಿ ಲಂಡನ್ನಿನ ದೊಡ್ಡ ಗಡಿಯಾರ ಬಿಗ್ ಬೆನ್ ಹುಂಜದ ಜೊತೆ ಸೇರಿಕೊಂಡಿದೆ. ಯಾಕಂದ್ರೆ ಹೊತ್ತು ಹೇಳೋದು ಅಲ್ಲಿ ಗಡಿಯಾರ, ಅವರ ಊರಲ್ಲಿ ಹುಂಜ! 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮೂರಲ್ಲೂ ಹುಂಜ ಕೂಗುತ್ತೆ. ನೋಡೋ ಕಣ್ಣು ನಮಗೂ ಇದೆ, ಅದನ್ನ ಪುಸ್ತಕ ಮಾಡೋ ಕೈ ಕಲೀಬೇಕು.

"ಈಗ ಕಂಪ್ಯೂಟರಿನಲ್ಲಿ ಬೇಕಾದಷ್ಟು ಕತೆ ಪುಕ್ಕಟೆ ಸಿಗ್ತವೆ, ನಾವ್ಯಾಕೆ ಕಷ್ಟ ಪಡಬೇಕು?" ಅನ್ನೋರೂ ಇದ್ದಾರೆ. ನಿಜ, ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕತೆಗಳನ್ನೂ ದುಡ್ಡಿಲ್ಲದೆ ಓದಬಹುದು, ಇಳಿಸಿಕೊಂಡು ಅಚ್ಚು ತೆಗೀಬಹುದು. ಗುರುಗಳು ಅವನ್ನ ಚಿಕ್ಕ ಮಕ್ಕಳಿಗೆ ಖಂಡಿತ ತೋರಿಸಲಿ. ಆದರೆ ನಮ್ಮ ಕೆರೆ ಏರಿಯ ಕತೆ, ನಮ್ಮ ಸಂತೆಯ ಕತೆ ಅಲ್ಲಿಗೆ ತಾನಾಗೇ ಹೋಗಿ ಕೂರಲ್ಲ. ಯಾರಾದರೂ ಬರೀಬೇಕು.

ಆದ್ದರಿಂದ ನನ್ನ ಕೋರಿಕೆ ಮೂರು.

ಒಂದು: ಮಕ್ಕಳ ಪುಸ್ತಕದ ಕಮ್ಮಟ ನಡೆಸುವವರು ಅದರಲ್ಲಿ ಒಂದು ದಿನವನ್ನಾದರೂ ಯಾವುದಾದರೂ ಹಳ್ಳಿ ಶಾಲೆಯಲ್ಲಿ ನಡೆಸಲಿ. ದೊಡ್ಡ ಹಾಲು, ಎ.ಸಿ. ಏನೂ ಬೇಡ. ನಮ್ಮ ಜಗುಲಿ ಸಾಕು, ಬಿಸಿಯೂಟವೂ ಇದೆ. ಮುಂದಿನ ಸಲ ಡ್ರಾಯಿಂಗ್ ಮೇಷ್ಟ್ರು ಹೋದಾಗ ನಮ್ಮ ಪರವಾಗಿ ಈ ಮಾತು ಹೇಳಬೇಕು ಅಂತ ವಿನಂತಿ.

ಎರಡು: ಅವರು ಬರೋವರೆಗೆ ನಾವು ಕಾಯೋದು ಬೇಡ. ತಿಂಗಳಿಗೆ ಒಂದು ಶನಿವಾರ ಒಂದೂವರೆ ಗಂಟೆ ಹೊತ್ತು ನಮ್ಮದೇ ಕಮ್ಮಟ ಆಗಲಿ. ಎಂಟು, ಒಂಬತ್ತನೇ ತರಗತಿಯವರು ಇಬ್ಬಿಬ್ಬರಾಗಿ, ಒಬ್ಬರು ಬರೆಯೋಕೆ, ಒಬ್ಬರು ಚಿತ್ರಕ್ಕೆ, ಒಂದು ಹಾಳೆ ಮಡಿಸಿ 16 ಪುಟದ ಪುಸ್ತಕ ಮಾಡೋಣ. ಒಂದನೇ, ಎರಡನೇ ತರಗತಿಯ ಮಕ್ಕಳು ಹೂಂಗುಟ್ಟೋಕೆ ಬರಲಿ. ಖರ್ಚು ಒಂದು ಜೋಡಿಗೆ ಒಂದು ಡ್ರಾಯಿಂಗ್ ಶೀಟು, ಸೂಜಿ, ದಾರ. ಹತ್ತನೇ ತರಗತಿಯವರಿಗೆ ಪರೀಕ್ಷೆ ಇದೆ, ಅವರನ್ನ ಬಿಟ್ಟುಬಿಡೋಣ.

ಮೂರು: ಹಾಗೆ ಆದ ಪುಸ್ತಕಗಳಿಗೆ ಲೈಬ್ರರಿ ಬೀರುವಿನಲ್ಲಿ ಒಂದು ಅರೆ ಬಿಟ್ಟುಕೊಡಬೇಕು. ಬೀಗ ಹಾಕದ ಅರೆ. ಹೊರಗಡೆ ಇಬ್ಬರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿ ಇರಬೇಕು.

ಈ ಪುಸ್ತಕಗಳೆಲ್ಲಾ ಚೆನ್ನಾಗೇ ಆಗ್ತವೆ ಅಂತ ನಾನು ಭರವಸೆ ಕೊಡಲ್ಲ. ಹತ್ತರಲ್ಲಿ ಒಂಬತ್ತನ್ನ ಎರಡನೇ ಕ್ಲಾಸು ಪಾಸು ಮಾಡದೇ ಇರಬಹುದು. ಆದರೆ ಆ ಒಂದು ಪುಸ್ತಕವನ್ನ ಯಾವುದೋ ಮಗು ಎದೆಗೆ ಅವಚಿಕೊಂಡು "ಇದು ನಮ್ಮೂರ್ದು" ಅಂತ ಮನೆಗೆ ಒಯ್ದರೆ ಸಾಕು, ಮುಂದೆ ಅದು ಬೀರುವಿನ ಬೇರೆ ಪುಸ್ತಕವನ್ನೂ ಮುಟ್ಟುತ್ತೆ.

ಒಪ್ಪೋರು, ಒಪ್ಪದೇ ಇರೋರು ಇಬ್ಬರೂ ನಿಮ್ಮ ಅಭಿಪ್ರಾಯವನ್ನ ಅರ್ಧ ಹಾಳೆಗೆ ಮೀರದಂತೆ ಬರೆದು ಗೋಡೆ ಪತ್ರಿಕೆಯ ಡಬ್ಬಿಗೆ ಹಾಕಿ. ಜೊತೆ ಆಗೋರು ಹೆಸರು ಕೊಡಿ. ಡ್ರಾಯಿಂಗ್ ಶೀಟು ನಾನು ತರ್ತೀನಿ, ಸೂಜಿ ದಾರ ನೀವು ತನ್ನಿ.

— 9ನೇ ತರಗತಿಯ ಒಬ್ಬ ವಿದ್ಯಾರ್ಥಿನಿ